ತಲೆಗೆ ಪೆಟ್ಟು ಬಿದ್ದರೆ ಆಟ ಮುಗೀತು

ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದ ಆ ಮನುಷ್ಯನಿಗೆ ನಿಧಾನಣ್ಣ ಅಂತ ಹೆಸರಿಟ್ಟವರು ಮಕ್ಕಳೇ. ಖಾಲಿ ರಸ್ತೆಯಲ್ಲೂ ಅವನ ವ್ಯಾನು ಮೂರನೇ ಗೇರ್ ದಾಟುತ್ತಿರಲಿಲ್ಲ. ಸೈಕಲ್ಲಿನವರು ಹಿಂದಿಕ್ಕಿ ಹೋದಾಗ ಮಕ್ಕಳು, "ನಿಧಾನಣ್ಣ, ನಾವೇ ಇಳಿದು ತಳ್ಳೋಣ್ವಾ?" ಅನ್ನುತ್ತಿದ್ದರು. "ತಳ್ಳಿ ತಳ್ಳಿ, ಪೆಟ್ರೋಲಾದ್ರೂ ಉಳಿಯುತ್ತೆ" ಎಂದು ಅವನು ಅದೇ ನಿಧಾನದಲ್ಲಿ ಹೋಗುತ್ತಿದ್ದ. ತಾಯಂದಿರಿಗೆ ಅವನ ಮೇಲೆ ಭರವಸೆ. ಮಗು ಬಾಗಿಲೊಳಗೆ ಹೋಗುವ ತನಕ ಅವನು ಗಾಡಿ ತೆಗೆಯುತ್ತಿರಲಿಲ್ಲ.

ಪಂಕ್ಚರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ಹೆಂಡತಿ ಗಾರ್ಮೆಂಟ್ಸಿನಲ್ಲಿ ಶರ್ಟುಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು. ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಅವಳೇ ಗೋಲ್‌ಕೀಪರ್. ತಂಡದವರೆಲ್ಲ ಅವಳನ್ನು 'ಗೋಡೆ' ಎಂದೇ ಕರೆಯುತ್ತಿದ್ದರು. ಆಟ ಮುಗಿಸಿ ಮೊಣಕೈ ತರಚಿಕೊಂಡು ಬಂದ ಮಗಳಿಗೆ ಮುಲಾಮು ಹಚ್ಚುತ್ತಾ ತಾಯಿ, "ವಾರವಾರ ಈ ಗೋಡೆಗೆ ಸುಣ್ಣ ಬಳಿಯೋದೇ ನನ್ನ ಕೆಲಸ ಆಯ್ತು" ಎಂದು ಗೊಣಗುತ್ತಿದ್ದಳು.

ಭಾನುವಾರದ ಪಂದ್ಯಗಳಿಗೆ ತಂಡವನ್ನು ಕರೆದುಕೊಂಡು ಹೋಗುತ್ತಿದ್ದವನೂ ನಿಧಾನಣ್ಣನೇ. ಉಳಿದ ಅಪ್ಪಂದಿರು ಗೆರೆಯ ಉದ್ದಕ್ಕೂ ಓಡಾಡುತ್ತಾ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದರು. ಇವನು ಮಾತ್ರ ಗೋಲಿನ ಹಿಂದೆ, ಬಲೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಮಗಳನ್ನೇ ನೋಡುತ್ತಿದ್ದ.

ಆವತ್ತು ಸೆಮಿಫೈನಲ್. ಎರಡನೇ ಅರ್ಧದಲ್ಲಿ ಗೋಲಿನ ಮೂಲೆಗೆ ಬಂದ ಚೆಂಡನ್ನು ತಡೆಯಲು ಮಗಳು ಹಾರಿದಳು. ಚೆಂಡು ಸಿಕ್ಕಿತು, ಜೊತೆಗೆ ತಲೆ ಕಬ್ಬಿಣದ ಕಂಬಕ್ಕೆ ಬಡಿಯಿತು. ಸದ್ದು ಅಷ್ಟೇನೂ ದೊಡ್ಡದಲ್ಲ, ಹತ್ತಿರವೇ ಇದ್ದ ನಿಧಾನಣ್ಣನಿಗೆ ಕೇಳಿಸಿತು. ಕೋಚ್ ಓಡಿ ಬಂದ. ಇನ್ನೂ ಮದುವೆಯಾಗದ ಹುಡುಗ, ಮಕ್ಕಳೆಂದರೆ ಪ್ರಾಣ. ಮುಖಕ್ಕೆ ನೀರು ಚಿಮುಕಿಸಿ, ಬೆರಳು ತೋರಿಸಿ, "ಎಷ್ಟು?" ಅಂದ. "ಎರಡು." ಸರಿಯಾಗಿಯೇ ಇತ್ತು. "ಆಡ್ತೀಯಾ?" "ಆಡ್ತೀನಿ ಸರ್." ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಿಧಾನಣ್ಣನೂ ತಟ್ಟಿದ.

ಸ್ವಲ್ಪ ಹೊತ್ತಿಗೆ ಮಗಳು ಬಲೆಯ ಕಡೆ ತಿರುಗಿ ಕೇಳಿದಳು. "ಅಪ್ಪಾ, ಎಷ್ಟು ಗೋಲಾಯ್ತು?"

"ಒಂದು ನಮ್ಮದು, ಅವರದ್ದಿಲ್ಲ."

ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ, "ಅಪ್ಪಾ, ಎಷ್ಟು ಗೋಲಾಯ್ತು?"

ದೊಡ್ಡ ಪಂದ್ಯ, ಹುಡುಗಿಗೆ ಗಾಬರಿ ಅಂದುಕೊಂಡ. "ನೀನು ಚೆಂಡು ನೋಡಮ್ಮಾ, ಲೆಕ್ಕ ನಾನು ಇಟ್ಕೋತೀನಿ" ಅಂದ. ಮುಂದಿನ ದಾಳಿಯಲ್ಲಿ ಎದುರಾಳಿ ಹುಡುಗಿಯೊಬ್ಬಳ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ತಾಗಿತು. ನೋಡಿದವರಿಗೆ ಅದು ಮೊದಲಿನದರ ಅರ್ಧದಷ್ಟು ಪೆಟ್ಟೂ ಅಲ್ಲ. ಆದರೆ ಈ ಸಲ ಅವಳು ಏಳಲಿಲ್ಲ.

ಆಸ್ಪತ್ರೆಗೆ ಆ ವ್ಯಾನು ಹೋದ ವೇಗವನ್ನು ಹಿಂದಿನ ಸೀಟಿನಲ್ಲಿ ಮಗುವಿನ ತಲೆ ಹಿಡಿದು ಕೂತಿದ್ದ ಕೋಚ್ ಇಂದಿಗೂ ಹೇಳುತ್ತಾನೆ. ಮಿದುಳು ಊದಿಕೊಂಡಿತ್ತು. ತಲೆಬುರುಡೆಯ ಒಂದು ತುಂಡು ತೆಗೆದು ಒತ್ತಡ ಇಳಿಸಿದರು. ಮಗಳು ಉಳಿದಳು. ಕಣ್ಣು ಬಿಟ್ಟಾಗ ತಾಯಿಯ ಗುರುತು ಸಿಕ್ಕಿತು, ತಂದೆಯ ಗುರುತು ಸಿಗಲು ಇನ್ನಷ್ಟು ದಿನ ಹಿಡಿಯಿತು.

ಡಾಕ್ಟರಮ್ಮ ಒಂದು ಸಂಜೆ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೊದಲ ಪೆಟ್ಟಿಗೇ ಮಿದುಳು ಅಲುಗಾಡಿ ಹೋಗಿತ್ತು. ಹೊರಗೆ ಗಾಯವಿಲ್ಲ, ರಕ್ತವಿಲ್ಲ, ಮಗು ನಿಂತಿದೆ, ಮಾತಾಡುತ್ತಿದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಮಾಯುವ ಮುಂಚೆ ಮತ್ತೊಂದು ಬಿದ್ದರೆ, ಸಣ್ಣದಾದರೂ ಸಾಕು. "ಕೇಳಿದ್ದನ್ನೇ ಕೇಳೋದು ಅದರದ್ದೇ ಗುರುತು. ಆಗಲೇ ಕೂರಿಸಿದ್ದಿದ್ರೆ..." ಎಂದು ಅವರು ಮಾತು ನಿಲ್ಲಿಸಿದರು.

"ಹೇಳಿ ಮೇಡಂ. ಕೂರಿಸಿದ್ದಿದ್ರೆ?"

"ತಲೆನೋವು ಅಂತ ಮಲಗಿರ್ತಿದ್ಲು. ಕೆಲವು ವಾರ ಬಿಟ್ಟು ಮತ್ತೆ ಆಡ್ತಿದ್ಲು."

ಅವನು ತಲೆಯಾಡಿಸಿ ಎದ್ದು ಬಂದ. ಆಸ್ಪತ್ರೆಯ ಹಿಂಬದಿಯಲ್ಲಿ ನಿಲ್ಲಿಸಿದ್ದ ವ್ಯಾನಿನಲ್ಲಿ ಕೂತು, ಆವತ್ತು ಚಪ್ಪಾಳೆ ತಟ್ಟಿದ ತನ್ನ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ನೋಡುತ್ತಿದ್ದ. ಹೆಂಡತಿ ಬಂದು ಎಬ್ಬಿಸಬೇಕಾಯಿತು.

ಮನೆಗೆ ಬಂದ ಮಗಳು ಬೇರೆಯೇ ಆಗಿದ್ದಳು. ಬೆಳಕು ಕಂಡರೆ ಆಗದು, ಹಾಗಾಗಿ ಕಿಟಕಿಗೆ ದಪ್ಪ ಬಟ್ಟೆ ಹೊಲಿದು ಹಾಕಿದರು. ಕೆಳಗೆ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬಿದರೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಬಾಯಿಗೆ ಬರಬೇಕಾದ ಮಾತು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಓದಿದ ಸಾಲು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮರೆಯುತ್ತಿತ್ತು. ಶಾಲೆ ಬಿಟ್ಟುಹೋಯಿತು. ಗೆಳತಿಯರು ಮೊದಲು ಗುಂಪಾಗಿ ಬಂದರು, ಆಮೇಲೆ ಒಬ್ಬೊಬ್ಬರಾಗಿ, ಆಮೇಲೆ ಬರಲಿಲ್ಲ.

ನಿಧಾನಣ್ಣ ಕ್ಲಬ್ಬಿನ ಸಭೆಗೆ ಹೋದ. ಜಗಳಕ್ಕೆ ಬಂದಿದ್ದಾನೆ ಅಂದುಕೊಂಡು ಎಲ್ಲರೂ ಕುರ್ಚಿಯಲ್ಲಿ ಹಿಂದೆ ಸರಿದರು. ಅವನು ಕೇಳಿದ್ದು ಒಂದು ನಿಯಮ. ತಲೆಗೆ ಪೆಟ್ಟು ಬಿತ್ತು ಅಂತ ಅನುಮಾನ ಬಂದರೂ ಸಾಕು, ಆ ಮಗುವಿಗೆ ಆವತ್ತಿನ ಆಟ ಮುಗೀತು. ಮಗು ಆಡ್ತೀನಿ ಅಂದರೂ ಇಲ್ಲ, ಕೋಚ್ ಅಂದರೂ ಇಲ್ಲ, ಅಪ್ಪ ಅಮ್ಮ ಅಂದರೂ ಇಲ್ಲ. ಡಾಕ್ಟರು ಒಪ್ಪಿದ ಮೇಲೂ ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಚೆಂಡು, ಕೊನೆಗೆ ಪಂದ್ಯ.

ಹಾರ್ಡ್‌ವೇರ್ ಅಂಗಡಿಯ ಯಜಮಾನರು ಕ್ಲಬ್ಬಿನ ಕಾರ್ಯದರ್ಶಿ. "ಆಟ ಅಂದ್ಮೇಲೆ ಏಟು ಇದ್ದದ್ದೇ ಅಲ್ವೇನಪ್ಪಾ. ಹೀಗೆ ಒಬ್ಬೊಬ್ಬರನ್ನೇ ಕೂರಿಸ್ತಾ ಹೋದ್ರೆ ಆಡೋರು ಯಾರು?" ಅಂದರು. ಹಿಂದಿನಿಂದ ಯಾರೋ, "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದು ಗೊಣಗಿದರು.

"ನನ್ನ ಮನೆ ಕೊಳ್ಳೆ ಹೋಯ್ತು," ನಿಧಾನಣ್ಣ ಅಂದ. "ನಿಮ್ಮನೆಗಳು ಇನ್ನೂ ಇವೆಯಲ್ಲ, ಅದಕ್ಕೇ ಬಂದೆ."

ಕೋಚ್ ಎದ್ದು ನಿಂತ. "ಅವತ್ತು ಆಡಿಸಿದ್ದು ನಾನು. ಗೆಲ್ಲಬೇಕು ಅನ್ನೋನ ಕೈಲಿ ಈ ತೀರ್ಮಾನ ಇರಬಾರದು. ಬೇರೆ ಯಾರಾದ್ರೂ ಮೈದಾನದಲ್ಲಿ ಇರಲಿ. ಅವರು ಕೈ ಎತ್ತಿದ್ರೆ ನಾನು ಎದುರು ಮಾತಾಡಲ್ಲ." ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಕೋಚ್ ಬಿಟ್ಟರೆ, ಈಗ ತಂಡದಲ್ಲಿ ಮಗುವಿಲ್ಲದವನು ಸಭೆಯಲ್ಲಿ ಒಬ್ಬನೇ ಇದ್ದ. ಹಾಗೆ ಅದು ನಿಧಾನಣ್ಣನ ಹೆಗಲಿಗೇ ಬಿತ್ತು.

ಮೊದಲ ವರ್ಷ ಯಾರೂ ತಕರಾರು ತೆಗೆಯಲಿಲ್ಲ. ಅವನು ಕೈ ಎತ್ತಿದರೆ ಮಗು ಹೊರಗೆ. ಅವನ ಮುಖ ನೋಡಿ ಜನ ಸುಮ್ಮನಾಗುತ್ತಿದ್ದರು. ಆದರೆ ಕನಿಕರ ಹಾಲಿದ್ದ ಹಾಗೆ, ಬಹಳ ದಿನ ಇಟ್ಟರೆ ಒಡೆಯುತ್ತದೆ. ಬರಬರುತ್ತಾ ಬೆನ್ನ ಹಿಂದೆ ನಗು ಶುರುವಾಯಿತು. ಮಗುವೊಂದು ಸೀನಿದರೂ ಆಚೆ ಕಳಿಸ್ತಾನೆ ಎಂದು ಅಪ್ಪಂದಿರು ಆಡಿಕೊಂಡರು.

ಮರುವರ್ಷ ತಂಡ ಫೈನಲ್ ತಲುಪಿತು. ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರು ಆವತ್ತು ಬಂದು ಕೂತಿದ್ದರು. ಅವರ ಕಣ್ಣು ಇದ್ದದ್ದು ಮುಂಚೂಣಿಯಲ್ಲಿ ಆಡುವ ಒಬ್ಬಳ ಮೇಲೆ. ಎಲ್ಲರೂ ಚುರುಕಿ ಅನ್ನುತ್ತಿದ್ದ ಆ ಹುಡುಗಿಗೆ ತಂದೆಯಿಲ್ಲ. ತಾಯಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಾಸ್ಟೆಲಿಗೆ ಸೇರಿದರೆ ಊಟ, ಬಟ್ಟೆ, ಓದು ಎಲ್ಲವೂ ಅಲ್ಲೇ.

ಆಟ ಬಿಸಿಯೇರಿದಾಗ ಚುರುಕಿ ಮತ್ತು ಎದುರಾಳಿ ಹುಡುಗಿ ಒಂದೇ ಚೆಂಡಿಗೆ ಹಾರಿದರು, ತಲೆಗೆ ತಲೆ ಬಡಿಯಿತು. ಚುರುಕಿ ತಕ್ಷಣ ಎದ್ದಳು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಆದರೆ ಎದ್ದವಳು ಮೊದಲ ಎರಡು ಹೆಜ್ಜೆ ಇಟ್ಟದ್ದು ತನ್ನದೇ ಗೋಲಿನ ಕಡೆಗೆ. ಆಮೇಲೆ ತಿರುಗಿದಳು. ನಿಧಾನಣ್ಣ ಕೈ ಎತ್ತಿದ.

ತಾಯಿ ಗೆರೆ ದಾಟಿ ಓಡಿ ಬಂದಳು. "ಅಣ್ಣಾ, ಇನ್ನು ಹತ್ತು ನಿಮಿಷ ಇರೋದು. ನಿಮ್ಮ ಕಾಲಿಗೆ ಬೀಳ್ತೀನಿ. ಅವರು ನೋಡ್ತಾ ಇದ್ದಾರೆ."

"ಆಗಲ್ಲ ಕಣಮ್ಮಾ."

"ಅವಳಿಗೆ ಏನೂ ಆಗಿಲ್ಲ, ಅವಳೇ ಹೇಳ್ತಾ ಇದ್ದಾಳಲ್ಲ."

"ನನ್ನ ಮಗಳೂ ಹಾಗೇ ಹೇಳಿದ್ಲು."

ಚುರುಕಿ ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಪಂದ್ಯ ಸೋತರು. ಹಾಸ್ಟೆಲಿನವರು ಬೇರೆ ತಂಡದ ಇಬ್ಬರನ್ನು ಆರಿಸಿಕೊಂಡು ಹೋದರು. ಮಾರನೇ ದಿನ ಡಾಕ್ಟರು ಚುರುಕಿಯನ್ನು ನೋಡಿ, ಹೆದರುವಂಥದ್ದೇನೂ ಕಾಣುತ್ತಿಲ್ಲ, ಸ್ವಲ್ಪ ದಿನ ಆಟ ಬೇಡ ಅಂದರು. ಜನರ ಕಿವಿಗೆ ಬಿದ್ದದ್ದು ಏನೂ ಆಗಿಲ್ಲ ಎಂಬುದಷ್ಟೇ.

ಆ ಸಂಜೆ ಚುರುಕಿಯ ತಾಯಿ ಪಂಕ್ಚರ್ ಅಂಗಡಿಯ ಮುಂದೆ ಬಂದು ನಿಂತಳು. ಕೂಗಾಡಲಿಲ್ಲ. "ನಿಮ್ಮ ಮಗಳಿಗಾದ ಸಂಕಟಾನ ನನ್ನ ಮಗಳ ಮೇಲೆ ತೀರಿಸ್ಕೊಂಡ್ರಿ. ನಿಮಗೆ ಒಳ್ಳೇದಾಗಲಿ" ಎಂದು ಹೊರಟುಹೋದಳು. ನಿಧಾನಣ್ಣ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅವಳ ಮಾತು ಸುಳ್ಳು ಎಂದು ಎದೆ ತಟ್ಟಿ ಹೇಳಲು ಅವನಿಗೆ ಆಗಲಿಲ್ಲ. ಆ ಎರಡು ಹೆಜ್ಜೆ ಪೆಟ್ಟಿನಿಂದ ತಪ್ಪಿದ್ದೋ, ಅವಸರದಲ್ಲಿ ತಪ್ಪಿದ್ದೋ, ಯಾರು ಹೇಳಬೇಕು?

ತಂಡದ ಮಕ್ಕಳ ತಂದೆತಾಯಂದಿರು ಶಾಲೆಗೂ ಒಬ್ಬೊಬ್ಬರಾಗಿ ಬೇರೆ ವ್ಯಾನು ಹಿಡಿದರು. ಕೆಲವರು ಮುಖ ನೋಡಿ ಕಾರಣ ಹೇಳಿದರು, ಉಳಿದವರು ಬೆಳಗ್ಗೆ ಬಾಗಿಲೇ ತೆಗೆಯಲಿಲ್ಲ. ಕೊನೆಗೆ ವ್ಯಾನು ಮಾರಿ, ಗ್ಯಾಸ್ ಸಿಲಿಂಡರ್ ಸಾಗಿಸುವ ಗಾಡಿಗೆ ಡ್ರೈವರಾಗಿ ಸೇರಿದ. ಮೈದಾನಕ್ಕೆ ಹೋಗುವುದನ್ನೂ ಬಿಟ್ಟ.

ಒಂದು ಭಾನುವಾರ ಕೋಚ್ ಮನೆಗೆ ಬಂದ. ತಂದೆತಾಯಿ ಒಪ್ಪಿದರೆ ಮಗುವನ್ನು ಮತ್ತೆ ಆಡಿಸಬಹುದು ಎಂದು ನಿಯಮ ಸಡಿಲಿಸಲು ಕಾರ್ಯದರ್ಶಿ ಹೊರಟಿದ್ದರಂತೆ. ಹಾಗಾದರೆ ಬೇರೆ ಕೋಚ್ ನೋಡಿಕೊಳ್ಳಿ ಅಂದನಂತೆ ಇವನು. "ಸದ್ಯಕ್ಕೆ ಬಿಟ್ಟಿದ್ದಾರೆ. ಮುಂದಿನ ವರ್ಷ ಗೊತ್ತಿಲ್ಲ ಅಣ್ಣಾ." ತಣ್ಣಗಾದ ಟೀ ಕುಡಿದು ಎದ್ದ.

ಕತ್ತಲೆ ಕೋಣೆಯಲ್ಲಿ ಮಲಗಿದ್ದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಕೋಚ್ ಹೋದ ಮೇಲೆ ತಂದೆಯನ್ನು ಕರೆದಳು. ಒಂದೊಂದೇ ಮಾತನ್ನು ಹುಡುಕಿ ಜೋಡಿಸಿದಳು.

"ಅವತ್ತು ಈ ನಿಯಮ ಇದ್ದಿದ್ರೆ... ನನ್ನನ್ನೂ ಹೊರಗೆ ಕೂರಿಸ್ತಿದ್ರಾ?"

"ಹೂಂ."

"ಸೆಮಿಫೈನಲ್ ಆಗಿದ್ರೂ?"

"ಆಗಿದ್ರೂ."

ಅವಳು ಯೋಚಿಸಿದಳು. "ನಿಮ್ಮ ಹತ್ರ ಮಾತು ಬಿಡ್ತಿದ್ದೆ."

"ಎಷ್ಟು ದಿನ?"

"ಒಂದು ವಾರ... ಜಾಸ್ತಿ ಅಂದ್ರೆ."

ನಿಧಾನಣ್ಣ ಅವಳ ಕೂದಲು ಮತ್ತೆ ಬೆಳೆಯದೆ ಉಳಿದ ಕಡೆ ಬೆರಳಾಡಿಸುತ್ತಾ ಕೂತ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಲು ಶುರುಮಾಡಿದರು. ಅವನು ಎರಡೂ ಅಂಗೈಗಳಿಂದ ಅವಳ ಕಿವಿ ಮುಚ್ಚಿದ.