ಗುಣವತಿಯ ಪ್ಯಾಂಟಿಲ್ಲದ ಸೈನಿಕರು

ಬಿಜೂರಿನ ಗುಣವತಿ ವರ್ಷ ವರ್ಷವೂ ಊರ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಹೋಗುತ್ತಾರೆ. ಹೋದವರನ್ನು ಸೀದಾ ಒಲೆಯ ಮುಂದೆ ಕೂರಿಸುತ್ತಾರೆ. ಐವತ್ತು ದಾಟಿದ ಈ ಯುವಕರಿಗೆ ಉಪ್ಪಿಟ್ಟು ಮಾಡಿ ಹಾಕುವುದು ಬಿಟ್ಟು ಆಕೆಗೆ ಬೇರೇನಾದರೂ ಬರುತ್ತದೆಯೇ ಎಂದು ಒಬ್ಬನಾದರೂ ಕೇಳಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಬರುತ್ತದೆ. ಬೆರಳುದ್ದದ ಸೀಸದ ಸೈನಿಕರಿಗೆ ಬಣ್ಣ ಹಚ್ಚುವುದು ಬರುತ್ತದೆ. ಅವರ ತಮ್ಮ ಶೀನ ಮುಂಬೈಯಲ್ಲಿ ಮುದುಕರೊಬ್ಬರ ಮನೆಯಲ್ಲಿ ಅಡುಗೆಗಿದ್ದ. ಅವರು ತೀರಿಹೋಗಿ ಮನೆ ಖಾಲಿ ಮಾಡುವಾಗ ಬಣ್ಣ ಕಾಣದ ಒಂದು ಪೆಟ್ಟಿಗೆ ಸೈನಿಕರು ಇವನ ಪಾಲಿಗೆ ಬಂದರು. ಕರಗಿಸಿ ಮೀನು ಹಿಡಿಯುವ ಬೀಸುಬಲೆಗೆ ಭಾರದ ಗುಂಡು ಮಾಡುವ ಎಂದು ಊರಿಗೆ ಹೊತ್ತು ತಂದ. ಬಾಣಲೆ ಕಾಯುವಷ್ಟರಲ್ಲಿ ಅಕ್ಕ ಕಿತ್ತುಕೊಂಡರು.

ಪೆಟ್ಟಿಗೆಯಲ್ಲಿ ಒಂದು ಬಣ್ಣದ ಚಿತ್ರವೂ ಇತ್ತು. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯ ಸಿಪಾಯಿಗಳು. ಮೇಲೆ ಕೆಂಪು ಕೋಟು, ಕೆಳಗೆ ಮೊಣಕಾಲಿನವರೆಗೆ ನೆರಿಗೆಯ ಲಂಗ. ಲಂಗದ ಚೌಕುಳಿಗೆ ಟಾರ್ಟನ್ ಎಂದು ಹೆಸರು. ಉಗುರಗಲದ ಜಾಗದಲ್ಲಿ ನೀಲಿ, ಹಸಿರು, ಅದರ ಮೇಲೆ ಕೂದಲೆಳೆಯಂಥ ಹಳದಿ ಗೆರೆ. ಒಂದು ನೆರಿಗೆ ತಪ್ಪಿದರೆ ಇಡೀ ಲಂಗ ಅಳಿಸಿ ಮತ್ತೆ ಮೊದಲಿಂದ. ಎರಡು ಮಳೆಗಾಲ ಹೀಗೇ ಹೋಯಿತು. ಈ ಸಲದ ವಾರ್ಷಿಕೋತ್ಸವದ ಕರಕುಶಲ ಪ್ರದರ್ಶನದಲ್ಲಿ ತನ್ನ ಹೆಸರಿನದೊಂದು ಮೇಜು ಬೇಕು ಎಂದು ಗುಣವತಿ ಕೇಳಿದರು. ಜೀವಮಾನದಲ್ಲಿ ಊರಿನ ಹತ್ತಿರ ಕೇಳಿದ್ದು ಅದೊಂದೇ.

ಅಧ್ಯಕ್ಷ ಮಂಜಯ್ಯನವರ ಜಗಲಿಯಲ್ಲಿ ಸಭೆ ಸೇರಿತು. ಅವರು ಆಗಷ್ಟೇ ಮಿಂದು, ಮೈ ಒರೆಸಿದ ಚೌಕುಳಿ ಬೈರಾಸನ್ನೇ ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದರು. ಸೈನಿಕನೊಬ್ಬನನ್ನು ಕಣ್ಣ ಹತ್ತಿರ ಹಿಡಿದರು.

“ಹ್ವಾಯ್ ಗುಣವತಿ, ಇವಂಗೆ ಪ್ಯಾಂಟ್ ಎಲ್ಲಿತ್ತ್?”

“ಇಲ್ಲೆ ಅಣ್ಣಯ್ಯ. ಅವ್ರ್ ಹಾಕುದೇ ಹಾಂಗೆ.”

“ಮಕ್ಳ್ ಮರಿ ಬಪ್ಪ ಜಾಗ ಮಾರಾಯ್ತಿ! ಒಳ್ಗ್ ಎಂತ ಇತ್ತ್?”

“ಸೀಸ ಇತ್ತ್.”

ನಂಬಲಿಲ್ಲ. ತಲೆಕೆಳಗು ಮಾಡಿ ನೋಡಿದರು. ಕಾರ್ಯದರ್ಶಿ ತಿಮ್ಮ ನೋಡಿದ. ಕೈಯಿಂದ ಕೈಗೆ ದಾಟಿಸಿ, ಇಡೀ ಸಮಿತಿ ಒಬ್ಬ ಪರದೇಶಿ ಸಿಪಾಯಿಯ ಲಂಗದೊಳಗೆ ಇಣುಕಿ ಊರಿನ ಮಾನ ಕಾಯಿತು. ಮಾನ ಎನ್ನುವುದು ಇವರಿಗೆ ಯಾವಾಗಲೂ ಬೇರೆಯವರ ಬಟ್ಟೆಯಲ್ಲೇ ಸಿಗುತ್ತದೆ.

“ನೀವೂ ಬೈರಾಸೇ ಸುತ್ಕಂಡಿರಿ ಅಲ್ದೆ?” ಎಂದರು ಗುಣವತಿ.

“ನಾನೆಂತ ಯುದ್ಧಕ್ಕ್ ಹೊರ್ಟದ್ದಾ?” ಎಂದರು ಮಂಜಯ್ಯ.

ಪ್ಯಾಂಟ್ ಹಾಕಿಸಿದರೆ ಮೇಜು, ಇಲ್ಲವಾದರೆ ಇಲ್ಲ ಎಂದು ಠರಾವಾಯಿತು. ಉಪ್ಪಿಟ್ಟಿಗೆ ಕರೆಯುವಾಗ ಯಾವ ಠರಾವೂ ಬೇಕಾಗಿರಲಿಲ್ಲ.

ಟಾರ್ಟನ್ ಮೇಲೆ ಬಣ್ಣ ಬಳಿಯಲು ಗುಣವತಿಗೆ ಮನಸ್ಸಾಗಲಿಲ್ಲ. ಬಿಳಿ ಕಾಗದ ಕತ್ತರಿಸಿ ಪ್ರತಿಯೊಬ್ಬನಿಗೂ ಪ್ಯಾಂಟ್ ಮಾಡಿ, ಲಂಗದ ಮೇಲೆಯೇ ನೂಲಿನಿಂದ ಕಟ್ಟಿ ತಂದರು. ಮೇಜು ಸಿಕ್ಕಿತು, ಮೇಲೆ ಹೆಸರಿನ ಚೀಟಿಯೂ ಬಂತು.

ಆದರೆ ಪ್ಯಾಂಟಿನ ಸುದ್ದಿ ಅಷ್ಟರಲ್ಲೇ ಊರು ದಾಟಿ ತ್ರಾಸಿ ಪೇಟೆಯವರೆಗೆ ಹೋಗಿತ್ತು. ಬುಟ್ಟಿ, ಕಸೂತಿ ಯಾರಿಗೂ ಬೇಡ. ಬಂದವರೆಲ್ಲ ನೇರ ಈ ಮೇಜಿಗೇ ಬಂದು, ಪ್ಯಾಂಟ್ ಜಾರಿಸಿ ನೋಡಿ, ಮತ್ತೆ ಏರಿಸಿ, ಏನೂ ಆಗದವರಂತೆ ಹೋಗುವುದು. ಮಂಜಯ್ಯನವರ ಹೆಂಡತಿ ಗಿರಿಜಮ್ಮ ಎರಡು ಸಲ ಬಂದರು. ಕೊನೆಗೆ ತಿಮ್ಮ ಮೈಕಿನಲ್ಲಿ ಕೂಗಿದ: “ಸಾರ್ವಜನಿಕರು ದಯವಿಟ್ಟು ಸೈನಿಕರ ಪ್ಯಾಂಟ್ ಎಳೆಯಬಾರದಾಗಿ ವಿನಂತಿ.” ಅಲ್ಲಿಯವರೆಗೆ ಗೊತ್ತಿಲ್ಲದವರೂ ಓಡಿ ಬಂದರು.

ಸಂಜೆಯೊಳಗೆ ಒಂದು ಪ್ಯಾಂಟೂ ಉಳಿಯಲಿಲ್ಲ. ನಗಲು ಬಂದವರು ಬಗ್ಗಿ ನೋಡಿ, ಮತ್ತೂ ಬಗ್ಗಿ, ನಗುವುದನ್ನು ಮರೆತರು.

“ಇಷ್ಟ್ ಸಣ್ಣದ್ರಗೆ ಹ್ಯಾಂಗ್ ಬರದ್ರಿ ಗುಣವತಿಯಕ್ಕ?”

ಗುಣವತಿಗೆ ಅದು ಕೇಳಿಸಲಿಲ್ಲ. ಬೆವರುಗೈಗಳಿಗೆ ಸಿಕ್ಕಿ ಒಬ್ಬನ ಲಂಗದ ಬಣ್ಣ ಎದ್ದಿತ್ತು. ಅಲ್ಲೇ ಕೂತು ಕುಂಚ ತೆಗೆದರು. ಗದರಿಸಲು ಬಂದ ಮಂಜಯ್ಯನವರ ಕೈಗೆ ಸೈನಿಕನನ್ನು ಕೊಟ್ಟರು.

“ಅಣ್ಣಯ್ಯ, ತಲೆ ಹಿಡ್ಕಣಿ. ಅಲ್ಲಾಡ್ಸುಕಾಗ.”

ಊರೆಲ್ಲ ನೋಡುತ್ತಿತ್ತು. ಅಧ್ಯಕ್ಷರು ಎರಡು ಬೆರಳಲ್ಲಿ ತಲೆ ಹಿಡಿದು, ಉಸಿರು ಬಿಗಿಹಿಡಿದು ನಿಂತರು.

“ಕೈ ನೋಯ್ತ್ ಮಾರಾಯ್ತಿ.”

“ಹಸ್ರ್ ಈಗ ಆಯ್ತ್. ಹಳ್ದಿ ಬಾಕಿ ಇತ್ತ್, ನಿಲ್ಲಿ.”