ಕುಂಕುಮವಿಟ್ಟ ಫ್ಲಾಪಿ

ಮೇಲ್ನೋಟಕ್ಕೆ ಸರಕು ಸಾಧಾರಣ. ಎತ್ತರ ಕಡಿಮೆ, ಧ್ವನಿ ಜಾಸ್ತಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಸವೆದ ರೆಕ್ಸಿನ್ ಚೀಲ. ಪ್ಯಾಕಿಂಗಿಗೆ ಖರ್ಚು ಮಾಡದ ಮಾಲು ಒಂದೋ ತೀರಾ ಕಳಪೆಯಾಗಿರುತ್ತದೆ, ಇಲ್ಲವೇ ಮಾರುವವರಿಗೆ ಅದರ ಮೇಲೆ ವಿಪರೀತ ಧೈರ್ಯವಿರುತ್ತದೆ. ಬೊರಿವಲಿಯ ಅಲಮೇಲು ಮಲಾಡ್ ಸ್ಟೇಷನ್ ಬಳಿಯ ನನ್ನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದ ದಿನ ಇವಳು ಯಾವ ಬಗೆ ಎಂದು ನನಗೂ ತಿಳಿಯಲಿಲ್ಲ. ಬಂದವಳು ನಮಸ್ಕಾರ ಕೂಡ ಹೇಳದೆ ಕೇಳಿದಳು:

“ಸಾಹುಕಾರ್ರೇ, ನಿಮ್ಮ ಅಂಗಡೀಲಿ ಮೂರಿಂಚಿನ ಚಿಲಕ ಎಷ್ಟಿದೆ?”

“ತಗೊಳ್ಳೂದಿದ್ರ ತಗೋ ತಂಗಿ. ಲೆಕ್ಕ ಯಾಕ ಬೇಕು?”

“ತಗೊಳ್ಳಲ್ಲ. ನಿಮಗೆ ಗೊತ್ತಿದ್ಯಾ ಅಂತ ನೋಡೋಕೆ ಕೇಳ್ದೆ.”

ಗೊತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇತ್ತು. ಆ ವರ್ಷ, ಅಂದರೆ ತೊಂಬತ್ತರಲ್ಲಿ, ಒಬ್ಬರು ಕೊಂಡರೆಂದು ಇನ್ನೊಬ್ಬರಂತೆ ನಮ್ಮ ಗಲ್ಲಿಯವರೆಲ್ಲ ಒಂದೊಂದು ಕೊಂಡು, ಹೊಸ ಸೊಸೆಯ ಹಾಗೆ ಮುಸುಕು ಹಾಕಿ ಕೂರಿಸಿದ್ದೆವು. ಅಲಮೇಲು ಮುಸುಕು ತೆಗೆದಳು. ಚೀಲದಿಂದ ಹಪ್ಪಳದಷ್ಟು ತೆಳ್ಳಗಿನ ಕರಿಯ ಫ್ಲಾಪಿ ತೆಗೆದು ಅದರ ಬಾಯಿಗಿಟ್ಟಳು. ಅವಳೇ ಬರೆದ ಪ್ರೋಗ್ರಾಮು. ಬಿಲ್ಲು ಹೊಡೆಯುತ್ತಿತ್ತು, ಉಳಿದ ಮಾಲು ಹೇಳುತ್ತಿತ್ತು. ಅವಳು ಮೈಸೂರಿನ ಅಯ್ಯಂಗಾರರ ಮನೆಯ ಮಗಳು. ದಿನವೂ ಗಂಡ ಬ್ಯಾಂಕಿನ ಕೆಲಸಕ್ಕೆ ಹೋದ ಮೇಲೆ ದಾದರಿನ ಕ್ಲಾಸಿನಲ್ಲಿ ಈ ವಿದ್ಯೆ ಕಲಿತಿದ್ದಳು. ಪ್ರತಿ ಬಿಲ್ಲಿನ ಬುಡದಲ್ಲೂ ‘ಶ್ರೀ ವೆಂಕಟೇಶ ಪ್ರಸನ್ನ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರುವಂತೆ ಮಾಡಿದ್ದಳು. ಅದನ್ನು ತೆಗೆಯುವುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ನಾನು ಮೊದಲ ಗಿರಾಕಿ. ಎದುರಿನ ಬಣ್ಣದಂಗಡಿಯ ಪ್ರಫುಲ್ಲಾಬೆನ್ ಎರಡನೆಯವರು. ಮೂರನೆಯವರು ಬರಲೇ ಇಲ್ಲ. ಆದರೆ ತಿಂಗಳೊಳಗೆ ತುಪ್ಪದಂಗಡಿಯ ಬಿಲ್ಲಿನಲ್ಲಿ ವೆಂಕಟೇಶ ಪ್ರಸನ್ನನಾದ. ಟೈಲರನ ಬಿಲ್ಲಿನಲ್ಲಿ ಪ್ರಸನ್ನನಾದ. ಮೂಲೆಯ ವೈನ್ ಶಾಪಿನಲ್ಲಿ ಎರಡು ಬಾಟಲಿ ಬಿಯರಿನ ಕೆಳಗೂ ಪ್ರಸನ್ನನಾಗಿ ಕೂತ. ಅಲಮೇಲು ಆ ಬಿಲ್ಲನ್ನು ಹಿಡಿದುಕೊಂಡು ನನ್ನ ಸ್ಟೂಲಿನ ಮೇಲೆ ಕೂತು, ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಫ್ಲಾಪಿಯ ಪ್ರತಿ ತೆಗೆದು ಹಂಚಿದ ಪ್ರಫುಲ್ಲಾಬೆನ್‌ಗೆ ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಹಿಂದಿಯಲ್ಲಿ ಬಹಳ ಪ್ರೀತಿಯಿಂದ ವಿವರಿಸಿದರು: ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿದರೆ ಇಲ್ಲವೆನ್ನುವುದುಂಟೇ? ಒಂದು ಚಮಚ ಕೊಟ್ಟರೆ ಅವರ ಪಾತ್ರೆ ತುಂಬುತ್ತದೆ, ನಮ್ಮ ಪಾತ್ರೆ ಖಾಲಿಯಾಗುವುದಿಲ್ಲ. ವ್ಯಾಪಾರಿಯಾಗಿ ಹೇಳುತ್ತೇನೆ, ಆ ವಾದದಲ್ಲಿ ತೂತು ಹುಡುಕುವುದು ನನಗೂ ಕಷ್ಟವಾಯಿತು.

ಈ ಹೊತ್ತಿಗೇ ಅಂಧೇರಿಯ ರಫ್ತು ವಲಯದ ಒಂದು ಕಂಪನಿ ಅಲಮೇಲುವನ್ನು ಕರೆಯಿತು. ಅಮೆರಿಕದ ವಿಮೆಯವರ ಕೆಲಸವನ್ನು ಇಲ್ಲಿ ಕೂತು ಮಾಡಿಕೊಡುವ ಕಂಪನಿ. ಏಸಿ ಕೋಣೆ, ಕರೆದೊಯ್ಯಲು ಬಸ್ಸು, ಕೈತುಂಬ ಸಂಬಳ. ದೀಪಾವಳಿ ಕಳೆದ ಸೋಮವಾರ ಸಹಿ ಹಾಕಬೇಕು. ಕರಾರಿನಲ್ಲಿ ಒಂದು ಸಾಲಿತ್ತು: ಇನ್ನು ಮುಂದೆ ಬರೆಯುವುದು ಮಾತ್ರವಲ್ಲ, ಈವರೆಗೆ ಬರೆದಿರುವುದೂ ಕಂಪನಿಯದೇ. ಅಂದರೆ ನಮ್ಮ ಬಿಲ್ಲಿನ ಪ್ರೋಗ್ರಾಮೂ ಹೋದಂತೆ. ಆಮೇಲೆ ಅದರಲ್ಲಿ ಒಂದಕ್ಷರ ತಿದ್ದುವ ಹಕ್ಕೂ ಅವಳಿಗಿರುವುದಿಲ್ಲ.

“ಬಳೆ ಮಾತ್ರ ನಂದು, ಕೈ ಅವರದು,” ಎಂದಳು. “ಹೋಗ್ಲಿ ಬಿಡಿ. ಇಲ್ಲಿ ಅದು ಊರೋರೆಲ್ಲರದ್ದೂ ಆಗ್ಹೋಗಿದೆ. ಅಲ್ಲಿ ಒಬ್ಬರದ್ದಾದ್ರೂ ಆಗತ್ತೆ.”

ಲಕ್ಷ್ಮೀಪೂಜೆಯ ಸಂಜೆ ಬಂತು. ನಮ್ಮ ಗಲ್ಲಿಯಲ್ಲಿ ಅಂದು ಹೊಸ ಖಾತೆ ಪುಸ್ತಕಗಳಿಗೆ ಪೂಜೆ. ಹಳೆಯದಕ್ಕಲ್ಲ, ಒಳಗೆ ಏನೂ ಬರೆಯದ ಹೊಸದಕ್ಕೆ. ಆ ವರ್ಷ ಪುಸ್ತಕ ಕೊಂಡವರಿಲ್ಲ. ಹಾಗಾದರೆ ಪೂಜೆ ಯಾವುದಕ್ಕೆ? ಭಟ್ಟರು ಯೋಚಿಸಿ ತೀರ್ಪು ಕೊಟ್ಟರು. ಲೆಕ್ಕವಿರುವ ಫ್ಲಾಪಿ ಹಳೆಯ ಪುಸ್ತಕದ ಸಮ, ಅದು ಕಪಾಟಿನಲ್ಲಿರಲಿ. ಪ್ರೋಗ್ರಾಮಿನ ಫ್ಲಾಪಿಯಲ್ಲಿ ಲೆಕ್ಕವಿಲ್ಲ, ಅದೇ ಹೊಸ ಪುಸ್ತಕ. ಒಬ್ಬರೇ ಭಟ್ಟರು, ಒಂದೇ ಮುಹೂರ್ತ, ಅಂಗಡಿಯಿಂದ ಅಂಗಡಿಗೆ ಓಡಿ ಎಲ್ಲ ಫ್ಲಾಪಿಗಳ ಮೇಲೂ ಒದ್ದೆ ಕುಂಕುಮದಲ್ಲಿ ಶ್ರೀಕಾರ ಬರೆದರು. ಮೇಲೆ ಅಕ್ಷತೆ, ಹೂವು, ಒಂದು ಹನಿ ಹಾಲು. ಫ್ಲಾಪಿಯ ಕವರಿನ ಮೇಲೆ ಮಡಚಬೇಡಿ, ಬಿಸಿಲಿಗಿಡಬೇಡಿ, ಆಯಸ್ಕಾಂತ ತಾಗಿಸಬೇಡಿ ಎಂದು ಅಮೆರಿಕದವರು ಚಿತ್ರ ಸಮೇತ ಎಚ್ಚರಿಸಿದ್ದರು. ಕುಂಕುಮದ ಚಿತ್ರ ಇರಲಿಲ್ಲ.

ಫ್ಲಾಪಿಗೆ ಮಧ್ಯದಲ್ಲೊಂದು ಕಿಂಡಿ ಇರುತ್ತದೆ. ಶ್ರೀ ಅದರೊಳಗೆ ಇಳಿಯಿತು. ಶುಭಮುಹೂರ್ತದ ಮೊದಲ ಬಿಲ್ಲು ಹೊಡೆಯಲೆಂದು ಹೂವು ಕೊಡವಿ ಯಂತ್ರಕ್ಕಿಟ್ಟೆವು. ಗಲ್ಲಿಯುದ್ದಕ್ಕೂ ರವೆ ಬೀಸುವ ಸದ್ದು ಎದ್ದಿತು. ಮೊದಲು ನನ್ನದು, ಆಮೇಲೆ ತುಪ್ಪದವರದು, ಆಮೇಲೆ ವೈನ್ ಶಾಪು. ಪ್ರಫುಲ್ಲಾಬೆನ್ ಜಾಣೆ, ಪೂಜೆಗಿಡದ ಇನ್ನೊಂದು ಪ್ರತಿ ಅವರ ಬಳಿ ಇತ್ತು. ಅದನ್ನು ಅದೇ ಕುಂಕುಮದ ಯಂತ್ರಕ್ಕೆ ತೂರಿಸಿದರು. ಅದೂ ಬೀಸಿತು. ಹೊರಗೆ ಪಟಾಕಿ, ಒಳಗೆ ನಾವೆಲ್ಲ ಒಬ್ಬರಿಗೊಬ್ಬರು ಹೆಪ್ಪು ಕೇಳುತ್ತ ಓಡಾಡುತ್ತಿದ್ದೆವು. ಯಾರ ಪಾತ್ರೆಯಲ್ಲೂ ಚಮಚ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಗಲ್ಲಿಗೆ ಗಲ್ಲಿಯೇ ಲೋಕಲ್ ಹತ್ತಿ ಬೊರಿವಲಿಗೆ ಹೊರಟಿತು. ಪ್ರಫುಲ್ಲಾಬೆನ್ ಫ್ಲಾಪಿಯನ್ನು ಜ್ವರದ ಕೂಸಿನಂತೆ ರೇಷ್ಮೆ ವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದರು. ಅಲಮೇಲು ಬಾಗಿಲು ತೆರೆದು ನಮ್ಮನ್ನೂ, ಕೆಂಪಾದ ಫ್ಲಾಪಿಗಳನ್ನೂ ನೋಡಿದಳು. ಒಳಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ಮುಗಿಸಿ ಹೊರಗೆ ಬಂದಳು. ಬಂದಾಗ ಮುಖ ಗಟ್ಟಿಯಾಗಿತ್ತು.

“ಫ್ಲಾಪಿ ನಿಮ್ಮದು, ಒಳಗಿರೋದು ನಂದು,” ಎಂದಳು. “ಒಪ್ಪೋದಾದ್ರೆ ಮೆಷಿನ್ನೂ ತೊಳೆದು ಕೊಡ್ತೀನಿ, ವರ್ಷಕ್ಕಿಷ್ಟು ಅಂತ ಕೊಟ್ರೆ ನಾನೇ ಬಂದು ನೋಡ್ಕೋತೀನಿ. ಯಾರಾದ್ರೂ ನೆಂಟರಿಗೆ ಕೊಟ್ರೆ ಇನ್ನು ಆ ಬಾಗಿಲು ತುಳಿಯಲ್ಲ. ನಿಮ್ಮ ಅಂಗಡಿ ಬಾಡಿಗೇದಲ್ವಾ ಸಾಹುಕಾರ್ರೇ? ಇದೂ ಹಾಗೇನೇ.”

ಬಾಡಿಗೆ ಎಂದರೆ ನಮ್ಮ ಗಲ್ಲಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲರೂ ಒಪ್ಪಿದರು. ಪ್ರಫುಲ್ಲಾಬೆನ್ ಒಂದೇ ವಿನಂತಿ ಇಟ್ಟರು: ಬಿಲ್ಲಿನಲ್ಲಿ ವೆಂಕಟೇಶನ ಬದಲು ತಮ್ಮ ದೇವಿ ಅಂಬಾಜಿ ಬರಬಹುದೇ? ಬರಬಹುದು ಎಂದಳು ಅಲಮೇಲು. ತುಪ್ಪದವರು ಮಹಾವೀರನನ್ನು ಕೇಳಿದರು. ವೈನ್ ಶಾಪಿನವನು ತನಗೆ ಯಾವ ದೇವರೂ ಬೇಡ, ಗಿರಾಕಿಗಳಿಗೆ ಮುಜುಗರವಾಗುತ್ತದೆ ಎಂದ.

ಸೋಮವಾರ ಅವಳು ಅಂಧೇರಿಗೂ ಹೋದಳು. ಈವರೆಗೆ ಬರೆದದ್ದು ಎಂಬ ಆ ಒಂದು ಸಾಲು ಹೊಡೆದುಹಾಕಿ, ಈಗಲೇ ಸಹಿ ಹಾಕುತ್ತೇನೆ ಎಂದಳಂತೆ. ಅಮೆರಿಕದವರು ಒಪ್ಪುವುದಿಲ್ಲ ಎಂದರಂತೆ. ಹಾಗಾದರೆ ನಮ್ಮ ಮಲಾಡಿನವರೂ ಒಪ್ಪುವುದಿಲ್ಲ ಎಂದು ಎದ್ದು ಬಂದಳು. ದಾರಿಯಲ್ಲಿ ಇಳಿದು ನನಗೆ ಈ ಸುದ್ದಿ ಹೇಳುವಾಗ ಅವಳ ಬಾಯಿ ಎಂದಿನಂತೆ ಓಡುತ್ತಿತ್ತು.

ಆ ಸಂಬಳ ಬಿಟ್ಟ ನಷ್ಟ ಅವಳದು, ಲಾಭ ನನ್ನದು. ಇವತ್ತಿಗೂ ನನ್ನ ಅಂಗಡಿ ಅವಳು ಬರೆದದ್ದರ ಮೇಲೆಯೇ ನಡೆಯುತ್ತಿದೆ. ಅದಕ್ಕೆ ನಾನು ಅಲಮೇಲುವಿಗೆ ಋಣಿ.