ಆಂಜಿನಮ್ಮನ ಹುಳುಮನೆಯೂ ಕಿಮ್ಮಿಯ ಬೂಟೂ

ಹುತ್ತೂರಿನ ಆಂಜಿನಮ್ಮನ ಗಂಟಲಿಗೆ ಮೈಕು ಬೇಡ. ಹಿಪ್ಪುನೇರಳೆ ತೋಟದ ಈ ತುದಿಯಲ್ಲಿ ನಿಂತು ಅವಳು ಗಂಡ ಪೆದ್ದಪ್ಪನನ್ನು ಕೂಗಿದರೆ, ಆ ತುದಿಯಲ್ಲಿದ್ದ ಪೆದ್ದಪ್ಪನ ಜೊತೆಗೆ ಬಸ್‌ಸ್ಟಾಪಿನಲ್ಲಿ ನಿಂತವರೂ 'ಏನಮ್ಮಾ' ಅನ್ನುತ್ತಾರೆ. ಮನಸ್ಸು ಮಾತ್ರ ಬೆಣ್ಣೆ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಅವಳಿಗೆ ಕೆಂಡಾಮಂಡಲ ಸಿಟ್ಟು ಬರುತ್ತದೆ.

ಊರಿನ ಯಾವ ಗುಡಿಯಲ್ಲೂ ಇಲ್ಲದ ಮಡಿ ಅವಳ ರೇಷ್ಮೆ ಹುಳುಮನೆಯಲ್ಲಿದೆ. ಚಪ್ಪಲಿಯ ಧೂಳಿನಲ್ಲಿ ರೋಗ ಬಂದು ಒಂದು ಬೆಳೆ ಪೂರ್ತಿ ಕೊಳೆತುಹೋದ ಮೇಲೆ ಹೊಸಿಲ ಮುಂದೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿ ಇಟ್ಟಿದ್ದಾಳೆ. ಯಾರೇ ಬರಲಿ, ಒಳಗಿಂದ ಒಂದೇ ಕೂಗು: "ಏಯ್, ಎಕ್ಕಡ ಆಚೆ ಬಿಟ್ಟು ಕಾಲು ತೊಳ್ಕೊಂಡು ಬಾ. ಇದೇನು ಸಂತೆ ಬೀದೀನಾ?" ವೋಟು ಕೇಳಲು ಬಂದ ಪಂಚಾಯ್ತಿ ಮೆಂಬರು ಬೂಟು ಬಿಚ್ಚಲು ಬೇಜಾರುಪಟ್ಟು ಹಾಗೇ ವಾಪಸ್ಸು ಹೋಗಿದ್ದ. ಅವನಿಗೆ ವೋಟೂ ಸಿಗಲಿಲ್ಲ.

ಇಂಥವಳ ಹಿಂದಿನ ರೂಮಿಗೆ ಹೋದ ವರ್ಷ ಯುಗಾದಿ ಕಳೆದ ಮೇಲೆ ಮಣಿಪುರದ ನೆಂಗ್‌ಬೋಯಿ ಬಾಡಿಗೆಗೆ ಬಂದಳು. ಗಲಭೆಯಲ್ಲಿ ಅವರ ಬೆಟ್ಟದೂರಿನ ಮನೆ ಸುಟ್ಟು ಬೂದಿಯಾಗಿತ್ತು. ಗಂಡ ತನ್ನ ಮುದಿತಾಯಿಯ ಜೊತೆ ಇನ್ನೂ ಅಲ್ಲಿನ ನಿರಾಶ್ರಿತರ ಶಿಬಿರದಲ್ಲೇ ಇದ್ದ. ನೆಂಗ್‌ಬೋಯಿಗೆ ನರಸಾಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಮಗಳ ಹೆಸರು ಕಿಮ್ನೆಯೊ, ಎಂಟು ವರ್ಷ. ಆಂಜಿನಮ್ಮನ ಬಾಯಲ್ಲಿ ಅದು ಅವತ್ತೇ ಕಿಮ್ಮಿ ಆಯಿತು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಾಬರ ಜೊತೆ ಜಗಳವಾಡಿ ಕಲಿತ ಉರ್ದು ಆಂಜಿನಮ್ಮನಿಗೆ ಇತ್ತು, ತಾಯಿ ಮಗಳಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಸಂಸಾರ ನಡೆಯಿತು.

ಕಿಮ್ಮಿ ಮಾತ್ರ ಬೂಟು ಬಿಚ್ಚುತ್ತಿರಲಿಲ್ಲ. ಉಣ್ಣುವಾಗಲೂ ಬೂಟು, ಮಲಗುವಾಗಲೂ ಬೂಟು. ಮಿಂದು ಬಂದರೆ ಮೈ ಒರೆಸುವ ಮೊದಲೇ ಬೂಟು. ರಸ್ತೆಯಲ್ಲಿ ಟೊಮೆಟೊ ಲಾರಿಯ ಟೈರು ಢಂ ಅಂದರೆ ಸಾಕು, ಮಗು ಮಂಚದ ಕೆಳಗೆ ಸೇರುತ್ತಿತ್ತು, ಸಂಜೆಯವರೆಗೂ ಈಚೆ ಬರುತ್ತಿರಲಿಲ್ಲ.

"ಗಾಳಿ ಸೋಕಿದೆ," ಎಂದು ತೀರ್ಪು ಕೊಟ್ಟಳು ಆಂಜಿನಮ್ಮ. ಇಂಥದ್ದಕ್ಕೆಲ್ಲ ಅವಳ ಮನೆಯಲ್ಲಿ ಅಜ್ಜಿ ಕಾಲದಿಂದ ಒಂದೇ ಮದ್ದು. ಅಮಾವಾಸ್ಯೆಯ ಸಂಜೆ ಹಳೇ ಬಟ್ಟೆಯನ್ನು ಹೊಸೆದು, ಎಣ್ಣೆಯಲ್ಲಿ ಅದ್ದಿ, ಹಚ್ಚಿ, ಕಿಮ್ಮಿಯ ಮುಖದ ಮುಂದೆ ನೀವಾಳಿಸಿದಳು. ಉರಿಯುವ ಎಣ್ಣೆ ಸುಂಯ್ ಸುಂಯ್ ಎಂದು ನೀರಿನ ತಟ್ಟೆಗೆ ತೊಟ್ಟಿಕ್ಕಿತು. ಬೆಂಕಿಯಲ್ಲಿ ಮನೆ ಕಳಕೊಂಡ ಮಗುವಿನ ಎದುರು ಬೆಂಕಿ ಆಡಿಸುತ್ತಿದ್ದೇನೆಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ. ಕಿಮ್ಮಿ ಚಿಟ್ಟನೆ ಚೀರಿ ಹಿತ್ತಲ ಬಾಗಿಲಿಂದ ಓಡಿದಳು. ಹುಡುಕಿ ಹುಡುಕಿ ಸಾಕಾದಾಗ ತೋಟದ ನಡುವೆ, ಸೊಪ್ಪಿನ ಕಡ್ಡಿಗಳ ಕೆಳಗೆ ಮುದುಡಿ ಕೂತಿದ್ದಳು. ಅಂದಿನಿಂದ ಆಂಜಿನಮ್ಮನ ನೆರಳು ಕಂಡರೂ ತಾಯಿಯ ಬೆನ್ನ ಹಿಂದೆ ಅಡಗುತ್ತಿದ್ದಳು.

ಆಂಜಿನಮ್ಮನಿಗೆ ಅನ್ನ ಇಳಿಯಲಿಲ್ಲ. "ಕೂಸಿಗೆ ಒಳ್ಳೇದು ಮಾಡೋಕೋಗಿ ನಾನೇ ದೆವ್ವ ಆದ್ನಲ್ಲಯ್ಯಾ," ಎಂದು ಪೆದ್ದಪ್ಪನ ಎದುರು ಅತ್ತಳು. ಅವಳು ಅತ್ತದ್ದನ್ನು ಅವನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಮುಂದಿನ ಭಾನುವಾರ, ಕಾರ್ಖಾನೆಯ ಗೆಳತಿಯೊಬ್ಬಳ ಮಾತು ಕೇಳಿ ಹೊರಟಿದ್ದ ತಾಯಿ ಮಗಳ ಜೊತೆ ಆಂಜಿನಮ್ಮ ತಾನೂ ಕೋಲಾರದ ಬಸ್ಸು ಹತ್ತಿದಳು. ಅಲ್ಲಿ ಮಕ್ಕಳ ಮನಸ್ಸಿನ ಆಪ್ತಸಲಹೆಗಾರ್ತಿ ಶ್ರೀವಾಣಿ ಮಗುವಿನ ಜೊತೆ ತುಂಬ ಹೊತ್ತು ಚಿತ್ರ ಬರೆಯುತ್ತ ಕೂತು, ಆಮೇಲೆ ದೊಡ್ಡವರನ್ನು ಒಳಗೆ ಕರೆದಳು.

"ಆ ರಾತ್ರಿ ಬರಿಗಾಲಲ್ಲಿ ಬೆಟ್ಟ ಇಳಿದು ಓಡಿದ್ದಾಳೆ. ಅಂಗಾಲೆಲ್ಲ ಕಿತ್ತುಹೋಗಿತ್ತಂತೆ. ಮತ್ತೆ ಯಾವಾಗ ಓಡ್ಬೇಕಾಗುತ್ತೋ ಅಂತ ಬೂಟು ಹಾಕ್ಕೊಂಡೇ ಕಾಯ್ತಿದ್ದಾಳೆ. ಬಿಚ್ಚು ಅಂತ ಯಾರೂ ಹೇಳ್ಬೇಡಿ. ಇಲ್ಲಿಂದ ಓಡ್ಬೇಕಾಗಿಲ್ಲ ಅಂತ ಅವಳಿಗೇ ಅನ್ನಿಸ್ಬೇಕು. ಆಗ ತಾನಾಗೇ ಬಿಚ್ಚುತ್ತಾಳೆ."

ಆಂಜಿನಮ್ಮ ತಲೆಯಾಡಿಸಿದಳು. "ಪೊರೆ ಬಿಡೋ ಜ್ವರಕ್ಕೆ ಕೂತ ಹುಳಾನ ಮುಟ್ಟಬಾರ್ದು ಕಣಮ್ಮ. ತಲೆ ಎತ್ಕೊಂಡು ಅಲ್ಲಾಡದೆ ಕೂತಿರ್ತದೆ. ಹಳೇ ಚರ್ಮ ಬಿಡೋವರ್ಗೂ ಸುಮ್ನೆ ಕಾಯ್ಬೇಕು. ಕಾಯ್ತೀನಿ ಬಿಡಿ."

ಕಾಯುವುದೆಂದರೆ ಆಂಜಿನಮ್ಮನಿಗೆ ಪ್ರಾಣಸಂಕಟ. ಆದರೂ ಕಾದಳು. ಗಂಟಲು ತಗ್ಗಿಸಿದಳು, ಹುಷಾರಿಲ್ಲವೇ ಎಂದು ಊರವರು ವಿಚಾರಿಸಿದರು. ಮಳೆ ಹಿಡಿದು ಬಿಡುವ ಹೊತ್ತಿಗೆ ಕಿಮ್ಮಿ ಮೆಲ್ಲಗೆ ಹುಳುಮನೆಯ ಹೊಸಿಲವರೆಗೆ ಬರತೊಡಗಿದಳು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಚರಚರ ಸದ್ದಿಗೆ ಕಿವಿಗೊಟ್ಟು ನಿಲ್ಲುವಳು. ಕಾಲಲ್ಲಿ ಬೂಟು. ಬಾ ಅನ್ನುವಂತಿಲ್ಲ, ಬೆಳೆಗೆ ಕುತ್ತು. ಬಿಚ್ಚು ಅನ್ನುವಂತಿಲ್ಲ, ಮಗುವಿಗೆ ಕುತ್ತು. ಪಕ್ಕದ ಮನೆಯ ಗಂಗಾಲಕ್ಷ್ಮಿ ಒಮ್ಮೆ, "ಎಕ್ಕಡ ಬಿಟ್ಟು ಬಾರೇ," ಎಂದು ಬಾಯಿ ತೆರೆದಾಗ ಆಂಜಿನಮ್ಮ ಕಣ್ಣಲ್ಲೇ ಅವಳನ್ನು ನುಂಗಿದಳು. ತಾನೇ ಒಂದು ಎಲೆಯ ಮೇಲೆ ಹುಳು ಇಟ್ಟುಕೊಂಡು ಹೊಸಿಲಾಚೆ ಬಂದು, ಕಿಮ್ಮಿಯ ಅಂಗೈಗೆ ಕೊಟ್ಟು ಒಳಗೆ ಹೋದಳು. ಮಗು ಮೊದಲು ಹುಳುವನ್ನು ನೋಡಿತು, ಆಮೇಲೆ ಅವಳನ್ನು ನೋಡಿತು. ಓಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹುಳುಗಳೆಲ್ಲ ಒಟ್ಟಿಗೇ ಹಣ್ಣಾದವು. ಹುಳು ಸಾಕುವವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಗಡಿಬಿಡಿ ಇಲ್ಲ. ಹಣ್ಣಾದ ಹುಳು ಮೇವು ಬಿಟ್ಟು, ಮೈ ಹೊಳಪೇರಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಸುರಿದು ಇಡೀ ತಿಂಗಳ ದುಡಿಮೆ ನೀರುಪಾಲು. ಹುಳು ಹಣ್ಣಾಗುವುದು ನಾಳೆಗೆಂದುಕೊಂಡು ಪೆದ್ದಪ್ಪ ಇನ್ನೂ ಕೆಲವು ಚಂದ್ರಿಕೆ ಬಾಡಿಗೆಗೆ ತರಲು ಬೈರಕೂರಿಗೆ ಹೋಗಿದ್ದ. ಆಂಜಿನಮ್ಮನ ಹಳೇ ಗಂಟಲು ಮರಳಿ ಬಂತು.

"ಗಂಗಾಲಕ್ಷ್ಮೀ, ಹುಳ ಹಣ್ಣಾಯ್ತು, ಎಲ್ರೂ ಬರ್ರೇ!"

ಕೂಗಿದ ಮೇಲೆ ಅವಳಿಗೆ ಮಗುವಿನ ನೆನಪಾಯಿತು. ತಿರುಗಿ ನೋಡಿದರೆ ಕಿಮ್ಮಿ ಹೊಸಿಲಲ್ಲೇ ನಿಂತಿದ್ದಳು. ಬೆಚ್ಚಿದ್ದಳು, ಆದರೆ ನಿಂತಿದ್ದಳು.

ಬೀದಿಯ ಹೆಂಗಸರೆಲ್ಲ ಕಾಲು ತೊಳೆದು ನುಗ್ಗಿದರು. ತೆಲುಗು, ಕನ್ನಡ, ನಗು, ಬೈಗುಳ. "ಆ ತಟ್ಟೆ ಇಲ್ಲಿ ಕೊಡೇ." "ತೊಂದರಗಾ ರಾವೇ, ಬೇಗ ಬಾ." ಎಷ್ಟು ಕೈ ಇದ್ದರೂ ಸಾಲದು. ಬಾಗಿಲ ಬಳಿಯ ತಟ್ಟೆಯನ್ನು ನೋಡುವವರೇ ಇರಲಿಲ್ಲ. ಹುಳುಗಳು ಅಂಚು ಹತ್ತಿ ನೆಲಕ್ಕೆ ಉದುರತೊಡಗಿದವು. ಒಂದು ಹುಳು ಗಂಗಾಲಕ್ಷ್ಮಿಯ ಹಿಮ್ಮಡಿಯ ಹತ್ತಿರವೇ ಬಿತ್ತು.

ಕಿಮ್ಮಿ ಕುಕ್ಕರಿಸಿ ಕೂತಳು. ಬೂಟಿನ ದಾರ ಎಳೆದಳು.

ಹೆಂಗಸರೆಲ್ಲ ಅವಳ ಕಡೆ ಕತ್ತು ಹೊರಳಿಸಿದರು. ಆಂಜಿನಮ್ಮ ಕಣ್ಣು ಕೆಕ್ಕರಿಸಿ, ನೋಡಬೇಡಿ, ಕೆಲಸ ಮಾಡಿ ಎಂದು ಸನ್ನೆ ಮಾಡಿದಳು. ತಾನು ಮಾತ್ರ ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು. ಕಿಮ್ಮಿ ಎರಡೂ ಬೂಟುಗಳನ್ನು ಆಂಜಿನಮ್ಮನ ಎಕ್ಕಡದ ಪಕ್ಕ ಜೋಡಿಸಿಟ್ಟು, ಗಾಯದ ಕಲೆಗಳಿದ್ದ ಪಾದಗಳನ್ನು ತೊಟ್ಟಿಯಲ್ಲಿ ಅದ್ದಿ ತೊಳೆದು, ಒಳಗೆ ಕಾಲಿಟ್ಟು, ಬಿದ್ದ ಹುಳುವನ್ನು ಎತ್ತಿಕೊಂಡಳು.

ಆಂಜಿನಮ್ಮನಿಗೆ ಕುಣಿಯಬೇಕು ಅನ್ನಿಸಿತು. ಕುಣಿಯದೆ ಪಕ್ಕ ಕೂತು, "ನೋಡ್ ತಲ್ಲಿ, ಹಿಂಗೆ ಬೆಳಕಿಗೆ ಹಿಡಿ. ಮೈ ಹೊಳೆದ್ರೆ ಚಂದ್ರಿಕೆಗೆ," ಎಂದು ತೋರಿಸಿದಳು. ಆಮೇಲೆ ಹೇಳುವುದೇ ಬೇಕಾಗಲಿಲ್ಲ. ಆ ಪುಟ್ಟ ಬೆರಳುಗಳು ಸರಸರ ಓಡಿದವು. ಕಿಮ್ಮಿ ಒಂದೊಂದನ್ನೂ ಬೆಳಕಿಗೆ ಹಿಡಿದು, "ಹಣ್ಣು," ಎನ್ನುವಳು, ಇಲ್ಲವೇ, "ಕಾಯಿ," ಎನ್ನುವಳು. ಹೆಂಗಸರು ನಕ್ಕರೆ ತಾನೂ ನಗುವಳು.

ಹೊತ್ತಿಳಿಯುವಾಗ ಕಂಪನಿ ಬಸ್ಸು ಬಂತು. ರೂಮಿನಲ್ಲಿ ಮಗಳಿಲ್ಲ. ಅಂಗಳಕ್ಕೆ ಬಂದ ನೆಂಗ್‌ಬೋಯಿಗೆ ಕಂಡದ್ದು ಖಾಲಿ ಬೂಟು. ಮಗಳಿಲ್ಲದ ಬೂಟನ್ನು ಅವಳು ಇಷ್ಟು ದಿನದಲ್ಲಿ ಒಮ್ಮೆಯೂ ಕಂಡಿರಲಿಲ್ಲ. "ಕಿಮ್," ಎನ್ನುತ್ತ ಕಾರ್ಖಾನೆಯ ಬೂಟಿನಲ್ಲೇ ಹುಳುಮನೆಗೆ ನುಗ್ಗಿದಳು.

ಒಳಗಿನಿಂದ ಒಂದು ಕೂಗು ಬಂತು, ಆಂಜಿನಮ್ಮನದೇ ರಾಗದಲ್ಲಿ, ಆದರೆ ಎಳೆ ಗಂಟಲಿನಲ್ಲಿ.

"ಏಯ್, ಎಕ್ಕಡ ಆಚೆ ಬಿಟ್ಟು ಕಾಲು ತೊಳ್ಕೊಂಡು ಬಾ. ಇದೇನು ಸಂತೆ ಬೀದೀನಾ?"

ಚಂದ್ರಿಕೆಯ ಮುಂದೆ ಬರಿಗಾಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ಮಗಳು. ಆಂಜಿನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೆಂಗ್‌ಬೋಯಿ ಹಿಂದೆ ಸರಿದು, ಹೊಸಿಲಾಚೆ ಕೂತು ತನ್ನ ಬೂಟಿನ ದಾರಕ್ಕೆ ಕೈ ಹಾಕಿದಳು. ಗಂಟು ಬಿಚ್ಚಲು ತುಸು ಹೊತ್ತು ಹಿಡಿಯಿತು.